ಕಾರ್ಡು ಇದ್ದೂ ಸಾಲವಾದದ್ದೇಕೆ?

ಮಾನ್ಯರೇ,

ಎದೆನೋವು ಕಾಣಿಸಿಕೊಂಡ ತಂದೆಯವರನ್ನು ರಾತ್ರೋರಾತ್ರಿ ಸಮೀಪದ ಖಾಸಗಿ ಆಸ್ಪತ್ರೆಗೆ ಸೇರಿಸಿದಿರಿ. ಬಿಪಿಎಲ್ ಕಾರ್ಡು ಅಲ್ಲಿ ನಡೆಯಲಿಲ್ಲ. ಬಿಲ್ಲು ಕಟ್ಟಿ ಇನ್ನೊಂದು ಆಸ್ಪತ್ರೆಗೆ ಒಯ್ದ ಮೇಲೆ ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟನ್ನು 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಯೋಜನೆಯಡಿಯೇ ಹಾಕಿದರೂ, ಡಿಸ್ಚಾರ್ಜ್ ದಿನ ಔಷಧಿಗಳನ್ನು ಹೊರಗಿನಿಂದ ತರಿಸಿದರು ಎಂದು ಬರೆದಿದ್ದೀರಿ. ಒಡವೆ ಅಡವಿಟ್ಟ ಸಂಕಟದಲ್ಲಿ, ಐದು ಲಕ್ಷದ ಈ ವಿಮೆಯನ್ನೇ ರದ್ದುಮಾಡಿ ಹಣವನ್ನು ಸರ್ಕಾರಿ ಆಸ್ಪತ್ರೆಗಳಿಗೆ ಕೊಡಲಿ ಎಂದೂ ಹೇಳಿದ್ದೀರಿ. ತಮ್ಮ ಸಿಟ್ಟು ನ್ಯಾಯವಾದದ್ದೇ. ತೀರ್ಮಾನವನ್ನು ಮಾತ್ರ ನಾವು ಒಪ್ಪಲಾರೆವು.

ಒಪ್ಪದಿರಲು ನಮ್ಮ ರಾಜ್ಯದಲ್ಲೇ ಆಧಾರವಿದೆ. 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀ, ಹೃದ್ರೋಗ ಮತ್ತು ಕ್ಯಾನ್ಸರ್‌ನಂತಹ ದುಬಾರಿ ಚಿಕಿತ್ಸೆಗಳನ್ನು ಬಿಪಿಎಲ್ ಕುಟುಂಬಗಳಿಗೆ ಉಚಿತವಾಗಿ ಒದಗಿಸಿತು. ಯೋಜನೆ ತಲುಪಿದ ಹಳ್ಳಿಗಳನ್ನೂ ಆ ಪ್ರದೇಶದ ಗಡಿಯಾಚೆ ಇನ್ನೂ ತಲುಪದಿದ್ದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಆಸ್ಪತ್ರೆವಾಸಕ್ಕೆ ಜನ ಕೈಯಿಂದ ತೆರುವ ವೆಚ್ಚ ಯೋಜನೆಯಿದ್ದ ಕಡೆ ಶೇ 34ರಷ್ಟು ಕಡಿಮೆಯಾಗಿತ್ತು, ಆ ಕಾಯಿಲೆಗಳಿಂದ ಆಗುವ ಸಾವುಗಳೂ ತಗ್ಗಿದ್ದವು. ಹಳ್ಳಿಗಳಲ್ಲೇ ತಪಾಸಣಾ ಶಿಬಿರ ನಡೆಸಿ ರೋಗಿಗಳನ್ನು ಆಸ್ಪತ್ರೆಗೆ ಕಳುಹಿಸಿದ್ದರಿಂದಲೇ ಆ ಫಲ ಸಿಕ್ಕಿತೆಂಬುದು ನಮ್ಮ ಎಣಿಕೆ. ಈಗಿನ ಕಾರ್ಡು ಮನೆಗೆ ಬರುತ್ತದೆ, ದಾರಿ ತೋರಿಸುವವರು ಬರುವುದಿಲ್ಲ.

2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜಾರಿಗೆ ಬಂದು, ಮರುತಿಂಗಳೇ ಅದು ರಾಜ್ಯದ 'ಆರೋಗ್ಯ ಕರ್ನಾಟಕ'ದೊಡನೆ ಕೂಡಿಕೊಂಡಿತು. ಈ ವ್ಯವಸ್ಥೆಯಲ್ಲಿ ಸರ್ಕಾರಿ ಆಸ್ಪತ್ರೆಯೇ ಮೊದಲ ಬಾಗಿಲು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಚೀಟಿ ಪಡೆದು ಖಾಸಗಿಗೆ ಹೋಗಬೇಕು. ತುರ್ತು ಚಿಕಿತ್ಸೆಗೆ ಚೀಟಿ ಬೇಡ, ಆದರೆ ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿತವಾಗಿರಲೇಬೇಕು. ತಾವು ಸಿಕ್ಕಿಕೊಂಡದ್ದು ಇಲ್ಲಿ. ಮಧ್ಯರಾತ್ರಿ ಎದೆ ಹಿಡಿದುಕೊಂಡ ಮನುಷ್ಯನ ಮಕ್ಕಳು ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ಹುಡುಕುತ್ತ ಕೂರಬೇಕೆಂದು ನಿರೀಕ್ಷಿಸುವ ನಿಯಮವನ್ನು ಕಚೇರಿಯಲ್ಲಿ ಕುಳಿತು ಮಾತ್ರ ಬರೆಯಲು ಸಾಧ್ಯ. ಎಪಿಎಲ್ ಕುಟುಂಬಗಳ ಪಾಡು ಇನ್ನೂ ಗೋಜಲು: ಅವರಿಗೆ ಸಿಗುವುದು ಒಂದೊಂದು ಚಿಕಿತ್ಸೆಗೂ ಸರ್ಕಾರ ನಿಗದಿಪಡಿಸಿದ ಪ್ಯಾಕೇಜ್ ದರದ ಶೇ 30, ಆಸ್ಪತ್ರೆಯ ಬಿಲ್ಲಿನ ಶೇ 30 ಅಲ್ಲ, ವರ್ಷದ ಮಿತಿ ಒಂದೂವರೆ ಲಕ್ಷ.

ಇದಕ್ಕಿಂತ ದೊಡ್ಡ ಕೊರತೆ ಮತ್ತೊಂದಿದೆ. ಯೋಜನೆ ಮುಖ್ಯವಾಗಿ ಒಳರೋಗಿಗಳಿಗೆ ಸಂಬಂಧಿಸಿದ್ದು. ತಂದೆಯವರು ಜೀವನಪರ್ಯಂತ ನುಂಗಬೇಕಾದ ಮಾತ್ರೆಗಳು, ಆಗಾಗಿನ ರಕ್ತಪರೀಕ್ಷೆ, ಬಸ್ ಚಾರ್ಜು, ಜೊತೆಗೆ ಹೋದವರು ಕಳೆದುಕೊಂಡ ಕೂಲಿ, ಇವು ಯಾವುವೂ ಅದರ ಲೆಕ್ಕಕ್ಕೆ ಬರುವುದಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಎಂದು ಸರ್ಕಾರದ ಲೆಕ್ಕ ಹೇಳುತ್ತದೆ. ಇಳಿಕೆ ಸಣ್ಣದಲ್ಲ, ಆದರೆ ತಿಂಗಳು ತಿಂಗಳು ಔಷಧಿ ಅಂಗಡಿಗೆ ಹೋಗುವ ಮನೆಗೆ ಆ ಸರಾಸರಿ ಸಮಾಧಾನ ಕೊಡಲಾರದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ತಪ್ಪದೆ ಸಿಗುವಂತಾಗಬೇಕು ಎಂಬಲ್ಲಿ ನಾವು ಪೂರ್ತಿಯಾಗಿ ತಮ್ಮೊಡನಿದ್ದೇವೆ. ಹಾಗೆಂದು ವಿಮೆಯನ್ನು ಕಿತ್ತುಹಾಕಿದರೆ, ಅಡವಿಟ್ಟ ಒಡವೆಯ ಜೊತೆಗೆ ಸ್ಟೆಂಟಿನ ಖರ್ಚಿಗೆ ಹೊಲವೂ ಹೋಗುತ್ತಿತ್ತು.

ಮೊದಲ ಆಸ್ಪತ್ರೆಯ ಹಣ ಯೋಜನೆಯಿಂದ ಮರಳುವ ಸಾಧ್ಯತೆ ಕಾಣದು. ಔಷಧಿಯ ವಿಷಯ ಬೇರೆ: ಡಿಸ್ಚಾರ್ಜ್ ಆದ 15 ದಿನಗಳವರೆಗಿನ ಔಷಧಿ ಆಯುಷ್ಮಾನ್ ಪ್ಯಾಕೇಜಿನಲ್ಲೇ ಸೇರಿರುತ್ತದೆ. ಹೊರಗೆ ಕೊಂಡ ಔಷಧಿಯ ರಸೀದಿ, ವೈದ್ಯರ ಚೀಟಿ, ಡಿಸ್ಚಾರ್ಜ್ ಸಾರಾಂಶ ಮೂರನ್ನೂ ಹಿಡಿದು ಆ ಆಸ್ಪತ್ರೆಯಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗಲೆಂದೇ ಇರುವ ಆರೋಗ್ಯ ಮಿತ್ರರಿಗೆ ಲಿಖಿತ ದೂರು ಕೊಡಿ. ಅವರು ಸ್ಪಂದಿಸದಿದ್ದರೆ ಯೋಜನೆಯ ಸಹಾಯವಾಣಿ 14555ಕ್ಕೆ ಕರೆಮಾಡಿ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

– ಸಂಪಾದಕ