ಶುಕ್ರವಾರ ಬಲೆ ಬೀಸದ ನೀರು

ಓದುಗರ ಪತ್ರ: "ನಾನು ಘಾನಾ ದೇಶದ ತೇಮಾ ಊರಿನಲ್ಲಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ರಾಜಧಾನಿ ಆಕ್ರಾಕ್ಕೆ ಹೋಗುವ ಕಡಲ ದಂಡೆಯ ರಸ್ತೆಯಲ್ಲಿ ಸಕುಮೊ ಎಂಬ ಲಗೂನ್, ಅಂದರೆ ಕಡಲ ಪಕ್ಕದ ಹಿನ್ನೀರು ಸಿಗುತ್ತದೆ. ಜೌಗು ನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಯಲ್ಲಿರುವ ನೆಲ ಅದು. ಆದರೂ ಅದರ ಅಂಚಿನಲ್ಲಿ ಮನೆಗಳು ಏಳುತ್ತಲೇ ಇವೆ. ಇಲ್ಲಿನ ಮೀನುಗಾರರು ಮಾತ್ರ ಶುಕ್ರವಾರ ಬಲೆ ಹಾಕಬಾರದು, ದೇವರ ಹಕ್ಕಿಯನ್ನು ಕೊಲ್ಲಬಾರದು ಎಂಬ ಮೂಢನಂಬಿಕೆಯಲ್ಲೇ ಇದ್ದಾರೆ. ಸುತ್ತ ಬೇಲಿ ಹಾಕಿ, ಗಾರ್ಡ್ ಇಟ್ಟು, ಎಲ್ಲರನ್ನೂ ಹೊರಗೆ ಕಳಿಸಿದರೆ ಮಾತ್ರ ಇದು ಉಳಿದೀತು, ಅಲ್ವಾ? ನಿಮ್ಮ ಪತ್ರಿಕೆ ಯಾವಾಗಲೂ ಮೀನುಗಾರರ ಪರವೇ ಬರೆಯುತ್ತದೆ. ಇದಕ್ಕೇನು ಹೇಳುತ್ತೀರಿ?"

ಸಂಪಾದಕರ ಉತ್ತರ:

ಆತ್ಮೀಯರೇ,

ಪತ್ರ ಓದಿ ಖುಷಿಯಾಯಿತು. ಕನ್ನಡ ಪತ್ರಿಕೆಗಳಲ್ಲಿ ಆಫ್ರಿಕಾದ ಸುದ್ದಿ ಅಂದರೆ ಯುದ್ಧ, ಬರ, ಕಾಯಿಲೆ, ಇಷ್ಟೇ. ಅಲ್ಲೂ ಅಳಿವೆಗಳಿವೆ, ಉಪ್ಪು ತೆಗೆಯುವವರಿದ್ದಾರೆ, ಹಕ್ಕಿ ಎಣಿಸುವವರಿದ್ದಾರೆ ಎಂದು ಬರೆಯುವವರು ಕಡಿಮೆ. ಎಷ್ಟೋ ಜನ ಹೊರದೇಶದಲ್ಲಿ ಹತ್ತು ವರ್ಷ ಇದ್ದರೂ ಆಫೀಸು, ಮನೆ, ಮಾಲ್ ಬಿಟ್ಟು ಬೇರೆ ನೋಡಿರುವುದಿಲ್ಲ. ನೀವು ಗಾಡಿ ನಿಲ್ಲಿಸಿ ಒಂದು ಲಗೂನ್ ನೋಡಿದ್ದೀರಿ. ಅದು ಕರಗುತ್ತಿದೆ ಎಂದು ನಿಮಗೆ ಸಂಕಟವಾಗಿದೆ. ಆ ಸಂಕಟ ನನಗೂ ಇದೆ.

ಬೇಲಿಯ ವಿಷಯದಲ್ಲಿ ನಿಮ್ಮ ಮಾತು ಒಂದಿಷ್ಟು ನಿಜ. ಕಾನೂನು ಬೇಕು, ಗಾರ್ಡ್ ಕೂಡ ಬೇಕು. ಘಾನಾದಲ್ಲಿ ರಾಮ್ಸರ್ ತಾಣಗಳಿಗೆಂದೇ 1999ರಲ್ಲಿ ನಿಯಮಗಳು ಬಂದಿವೆ. 2022ರಲ್ಲಿ ಸಕುಮೊದ ಜೌಗಿನಲ್ಲಿ ಎದ್ದಿದ್ದ ಕಟ್ಟಡಗಳನ್ನು ಸರ್ಕಾರವೇ ಕೆಡವಿತು. ಜಾಗ ಮಾರಿದವರಲ್ಲಿ ಸ್ಥಳೀಯ ಮನೆತನದವರೂ ಇದ್ದಾರೆ ಎಂಬ ದೂರನ್ನು ನಾನು ಅಲ್ಲಗಳೆಯುವುದಿಲ್ಲ. ಎಲ್ಲಿಂದಲೋ ಬಂದು ಸೈಟು ಕೊಂಡವನಿಗೆ ಲಗೂನಿನ ದೇವರ ಭಯ ಇರುವುದಿಲ್ಲ. ಇದನ್ನೆಲ್ಲ ಒಪ್ಪಿದೆ.

ಒಪ್ಪಲಾಗದ್ದು "ಮೂಢನಂಬಿಕೆ" ಎಂಬ ನಿಮ್ಮ ತೀರ್ಪು, ಮತ್ತು ಜನರನ್ನು ಹೊರಗೆ ಕಳಿಸಿದರೆ ನೀರು ಉಳಿಯುತ್ತದೆ ಎಂಬ ನಂಬಿಕೆ.

ಮೊದಲು ಸಕುಮೊವನ್ನೇ ನೋಡೋಣ. 1,300 ಹೆಕ್ಟೇರಿಗೂ ಜಾಸ್ತಿ ಇರುವ ತಾಣ. ಒಂದು ಕಡೆ ಆಕ್ರಾ, ಇನ್ನೊಂದು ಕಡೆ ತೇಮಾ. ಕಡಲ ದಂಡೆಯ ರಸ್ತೆ ಕಟ್ಟಿದ ಮೇಲೆ ಲಗೂನಿಗೂ ಸಮುದ್ರಕ್ಕೂ ನಡುವೆ ಉಳಿದದ್ದು ರಸ್ತೆ ಕೆಳಗಿನ ಮೋರಿಗಳು. ಅಲ್ಲಿನ ಗಾ ಜನರಿಗೆ ಈ ನೀರು ಸಕುಮೊ ದೇವರದ್ದು. ವುಲೋಮೊ ಎಂಬ ಪೂಜಾರಿ ಅದರ ಕಾವಲಿಗೆ. ನವೆಂಬರಿನಿಂದ ಸುಮಾರು ಏಪ್ರಿಲ್‌ವರೆಗೆ ಅಲ್ಲಿ ಮೀನು ಹಿಡಿಯುವಂತಿಲ್ಲ. ಉಳಿದ ತಿಂಗಳುಗಳಲ್ಲೂ ಶುಕ್ರವಾರ ಬಲೆ ಬೀಳುವಂತಿಲ್ಲ. ರೆಕ್ಕೆಗಳನ್ನು ಮುಂದಕ್ಕೆ ಬಿಚ್ಚಿ, ನೀರಿನ ಮೇಲೆ ನೆರಳು ಮಾಡಿ, ಆ ನೆರಳಿಗೆ ಬಂದ ಮೀನನ್ನು ಹಿಡಿಯುವ ಕರಿ ಬಕವೊಂದಿದೆಯಲ್ಲ, ಅದು ದೇವರ ಹಕ್ಕಿ. ಅದನ್ನು ಯಾರೂ ಮುಟ್ಟುವಂತಿಲ್ಲ.

ಈಗ ಆ ನೀರಿನ ಮೀನು ಯಾವುದು ಕೇಳಿ. ಹೆಚ್ಚಾಗಿ ಸಿಗುವುದು ಕಪ್ಪು ಗದ್ದದ ತಿಲಾಪಿಯಾ. ಅದರ ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಅಪ್ಪನನ್ನು ಹಿಡಿದರೆ ಸಂಸಾರವೇ ಹೋಯಿತು. ಇಂಥ ಮೀನಿರುವ ನೀರಿಗೆ ತಿಂಗಳುಗಟ್ಟಲೆ ಬಿಡುವು ಕೊಡುವುದು ಮೂಢತನವೇ? ಘಾನಾದ ಪ್ರಾಣಿವಿಜ್ಞಾನಿ ಯಾ ನ್ತಿಯಾಮೋವಾ-ಬೈಡು ಈ ಕಟ್ಟುಪಾಡುಗಳನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಅವರ ಬರಹ ಓದಿದ ಮೇಲೆ ನನಗೆ ಇವನ್ನು ಹಗುರವಾಗಿ ಮಾತಾಡುವ ಧೈರ್ಯ ಬಂದಿಲ್ಲ.

ಇನ್ನೊಂದು ವಿಷಯ. ಮಂಗಳವಾರ ಗಾ ಮತ್ತು ಫಾಂಟಿ ಜನರ ಕರಾವಳಿಯ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅದು ಕಡಲಿನ ರಜೆ. ಬಲೆ ಹೊಲಿಯುವುದು, ಜಗಳ ತೀರಿಸುವುದು, ಎಲ್ಲ ಅವತ್ತೇ. ಘಾನಾ ಸರ್ಕಾರ ಸಣ್ಣ ದೋಣಿಗಳಿಗೆ ಒಂದು ತಿಂಗಳ ಮೀನುಗಾರಿಕೆ ರಜೆ ತಂದದ್ದು 2019ರಲ್ಲಿ. ಸರ್ಕಾರ ಹೇಳಿದರೆ ವಿಜ್ಞಾನ, ವುಲೋಮೊ ಹೇಳಿದರೆ ಮೂಢನಂಬಿಕೆ ಎಂಬ ಲೆಕ್ಕ ನನಗೆ ಸರಿ ಕಾಣುವುದಿಲ್ಲ.

ನಿಮ್ಮ ತೇಮಾದಲ್ಲೇ ಇನ್ನೊಂದು ಲಗೂನ್ ಇದೆ. ಹೆಸರು ಚೇಮು. 1962ರಲ್ಲಿ ತೇಮಾದ ದೊಡ್ಡ ಬಂದರು ಶುರುವಾಯಿತು. ಅದಕ್ಕೂ ಮೊದಲೇ ಹಳೇ ತೇಮಾದ ಮೀನುಗಾರ ಹಳ್ಳಿಯನ್ನು ಎಬ್ಬಿಸಿ ಪಕ್ಕಕ್ಕೆ ಕೂರಿಸಿದರು. ಆಮೇಲೆ ಕಾರ್ಖಾನೆಗಳು ಬಂದವು. ಅವುಗಳ ಕೊಳಚೆ ಚೇಮುವಿಗೆ ಹರಿಯಿತು. ಇವತ್ತು ಅದು ಸತ್ತ ನೀರು. ಅಲ್ಲಿ ಕಾರ್ಖಾನೆಗಳಿಗೆ ಲೈಸೆನ್ಸ್ ಇತ್ತು, ನಕ್ಷೆ ಇತ್ತು, ಓದಿದ ಎಂಜಿನಿಯರುಗಳಿದ್ದರು. ಚೇಮುವನ್ನು ಕೊಂದದ್ದು ಶುಕ್ರವಾರದ ನಿಯಮ ಅಲ್ಲ.

ಪಶ್ಚಿಮಕ್ಕೆ ಹೋದರೆ ವಿನ್ನೆಬಾ. ಅಲ್ಲಿನ ಮುನಿ ಲಗೂನ್ ವರ್ಷದ ಹೆಚ್ಚು ಕಾಲ ಮರಳ ದಿಣ್ಣೆಯ ಹಿಂದೆ ಮುಚ್ಚಿಕೊಂಡಿರುತ್ತದೆ. ಎಫುಟು ಜನ ಮೇ ತಿಂಗಳ ಮೊದಲ ವಾರದಲ್ಲಿ ಅಬೋಕ್ಯೆರ್ ಹಬ್ಬ ಮಾಡುತ್ತಾರೆ. ಎರಡು ಗುಂಪುಗಳು ಪೈಪೋಟಿಯಲ್ಲಿ ಕಾಡಿಗೆ ನುಗ್ಗಿ ಜಿಂಕೆಯಂಥ ಬುಷ್‌ಬಕ್ ಒಂದನ್ನು ಕೋವಿ ಇಲ್ಲದೆ, ಬರಿಗೈಯಲ್ಲಿ, ಜೀವಂತ ಹಿಡಿದು ಬಲಿಗೆ ತರಬೇಕು. ಪ್ರಾಣಿಬಲಿಯ ಬಗ್ಗೆ ನಿಮಗೆ ನಿಮ್ಮದೇ ಅಭಿಪ್ರಾಯ ಇರಬಹುದು, ನನಗೂ ಇದೆ. ಆದರೆ ಹಬ್ಬ ನಡೆಯಬೇಕಾದರೆ ಕಾಡು ಬೇಕು, ಕಾಡಿನಲ್ಲಿ ಜೀವಂತ ಬುಷ್‌ಬಕ್ ಬೇಕು. ಲಗೂನಿನ ಬೆನ್ನಿಗೆ ಕಾಡು ಬೇಕು ಎಂದು ಆ ಊರಿಗೆ ಯಾರೂ ಉಪನ್ಯಾಸ ಕೊಡಬೇಕಾಗಿಲ್ಲ.

ಹಕ್ಕಿಗಳ ಕಥೆ ನನಗೆ ಇನ್ನೂ ಇಷ್ಟ. ರೋಸಿಯೇಟ್ ಟರ್ನ್ ಎಂಬ ಬಿಳಿ ಕಡಲಹಕ್ಕಿ ಇದೆ. ನಮ್ಮ ಪಕ್ಷಿಪ್ರಿಯರು ರೀವ ಎನ್ನುತ್ತಾರಲ್ಲ, ಆ ಬಳಗದ್ದು. ಬ್ರಿಟನ್, ಐರ್ಲೆಂಡ್ ದ್ವೀಪಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಘಾನಾ ಕರಾವಳಿಗೆ ಬರುತ್ತದೆ. 1960ರ ದಶಕದ ಕೊನೆಯಿಂದ ಬ್ರಿಟನ್, ಐರ್ಲೆಂಡಿನಲ್ಲಿ ಅದರ ಸಂಖ್ಯೆ ಕುಸಿಯತೊಡಗಿತು. ಮರಿ ಮಾಡುವ ದ್ವೀಪಗಳಲ್ಲೂ ತೊಂದರೆ ಇತ್ತು. ಜೊತೆಗೆ ಕಾಲಿಗೆ ಉಂಗುರ ಹಾಕಿ ಬಿಟ್ಟ ಹಕ್ಕಿಗಳು ಘಾನಾದಲ್ಲಿ ಸಿಕ್ಕವು. ಹಿಡಿಯುತ್ತಿದ್ದವರು ಕಡಲ ದಂಡೆಯ ಹುಡುಗರು. ಆಟಕ್ಕೆ, ತಿನ್ನುವುದಕ್ಕೆ ಕುಣಿಕೆ ಹಾಕುತ್ತಿದ್ದರು. 1985ರಲ್ಲಿ ಘಾನಾ ಸರ್ಕಾರ ಮತ್ತು ಬ್ರಿಟನ್ನಿನ ಪಕ್ಷಿ ಸಂಸ್ಥೆಗಳು ಸೇರಿ ಕಡಲಹಕ್ಕಿ ಉಳಿಸುವ ಯೋಜನೆ ಶುರು ಮಾಡಿದವು. ಆ ಯೋಜನೆ ಶಾಲೆಗಳೊಳಗೆ ಹೋಯಿತು, ಮಕ್ಕಳ ವನ್ಯಜೀವಿ ಕ್ಲಬ್ಬುಗಳನ್ನು ಕಟ್ಟಿತು. ಕುಣಿಕೆ ಹಾಕುತ್ತಿದ್ದ ದಂಡೆಯಲ್ಲೇ ಹಕ್ಕಿ ಎಣಿಸುವವರು ತಯಾರಾದರು. ಡಬ್ಲಿನ್ ಹತ್ತಿರದ ರಾಕಬಿಲ್ ದ್ವೀಪದಲ್ಲಿ ಇವತ್ತು ಯುರೋಪಿನ ಅತಿ ದೊಡ್ಡ ರೋಸಿಯೇಟ್ ಟರ್ನ್ ನೆಲೆ ಇದೆ. ಅಲ್ಲಿನ ಹಕ್ಕಿಗೂ ಆಕ್ರಾದ ದಂಡೆಯ ಹುಡುಗನಿಗೂ ಇರುವ ಸಂಬಂಧ ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಆ ಕೆಲಸದ ಬೆನ್ನಿಗೇ 1992ರಲ್ಲಿ ಐದು ಕರಾವಳಿ ತಾಣಗಳು ರಾಮ್ಸರ್ ಪಟ್ಟಿಗೆ ಸೇರಿದವು: ಮುನಿ-ಪೊಮಾಡ್ಜೆ, ಡೆನ್ಸು ಮುಖಜಭೂಮಿ, ಸಕುಮೊ, ಸಾಂಗೋರ್, ಕೇಟಾ. ಇವುಗಳಲ್ಲಿ ಕೇಟಾ ಒಂದೇ ಲಕ್ಷ ಹೆಕ್ಟೇರಿಗೂ ಜಾಸ್ತಿ.

ಸಾಂಗೋರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನೀವು ಕೇಳಿದ "ಎಲ್ಲರನ್ನೂ ಹೊರಗೆ ಕಳಿಸಿದರೆ?" ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತದೆ. ಅದು ವೋಲ್ಟಾ ನದಿ ಕಡಲು ಸೇರುವ ಆಡಾ ಊರಿನ ಲಗೂನ್. ಬೇಸಿಗೆಯಲ್ಲಿ ನೀರು ಬತ್ತುತ್ತದೆ, ಉಪ್ಪು ಹೆಪ್ಪುಗಟ್ಟುತ್ತದೆ. ಹೆಂಗಸರು, ಮಕ್ಕಳು ಕೈಯಲ್ಲೇ ಬಾಚಿ ಬುಟ್ಟಿಗೆ ತುಂಬುತ್ತಾರೆ. ಮೊದಲು ಪೂಜಾರಿ ಶಾಸ್ತ್ರ ಮುಗಿಸಿ ಅಪ್ಪಣೆ ಕೊಡಬೇಕು. ಅಲ್ಲಿಯವರೆಗೆ ಯಾರೂ ಇಳಿಯುವಂತಿಲ್ಲ. ಉಪ್ಪು ಬಲಿಯುವ ಮುಂಚೆ ಆಸೆಗೆ ಬಿದ್ದು ತುಳಿದರೆ ಎಲ್ಲರಿಗೂ ನಷ್ಟ. 1970ರ ದಶಕದಲ್ಲಿ ಕಂಪನಿಗಳಿಗೆ ಗುತ್ತಿಗೆ ಸಿಕ್ಕಿತು. ತಲೆಮಾರುಗಳಿಂದ ಉಪ್ಪು ತೆಗೆದವರು ಒಂದೇ ಸಹಿಗೆ ಕಳ್ಳರಾದರು. 1985ರ ಮೇ ತಿಂಗಳಲ್ಲಿ ಉಪ್ಪು ಬಾಚುವವರ ಮೇಲೆ ನಡೆದ ಪೊಲೀಸ್ ದಾಳಿಯಲ್ಲಿ ಗುಂಡು ತಗುಲಿ ಮ್ಯಾಗಿ ಲಾನುವೇ ಎಂಬ ಹೆಂಗಸು ಸತ್ತಳು. ಆಗ ಆಕೆ ಗರ್ಭಿಣಿ. ಆಡಾದ ಜನ ಅವಳ ಹೆಸರನ್ನು ಇವತ್ತಿಗೂ ಮರೆತಿಲ್ಲ.

1992ರಲ್ಲಿ ಸಾಂಗೋರ್ ಸರ್ಕಾರದ ವಶಕ್ಕೆ ಹೋಯಿತು. ರಾಮ್ಸರ್ ಪಟ್ಟಿಗೆ ಸೇರಿದ್ದೂ ಅದೇ ವರ್ಷ. 2011ರಲ್ಲಿ ಯುನೆಸ್ಕೋ ಅದನ್ನು ಜೀವಗೋಳ ತಾಣ ಎಂದು ಕರೆಯಿತು. ಇಷ್ಟೆಲ್ಲ ಗೌರವ ಸಿಕ್ಕ ಮೇಲೂ 2020ರಲ್ಲಿ ಲಗೂನಿನ ದೊಡ್ಡ ಭಾಗ ಖಾಸಗಿ ಕಂಪನಿಯೊಂದಕ್ಕೆ ಗುತ್ತಿಗೆಗೆ ಹೋಯಿತು. ಊರಿನವರಲ್ಲೇ ಕೆಲವರು ತಮ್ಮ ತಮ್ಮ ಪಾಲಿಗೆ ಬದು ಕಟ್ಟಿಕೊಂಡು ಬೇರೆ ಬೇರೆ ಉಪ್ಪಿನ ಆಗರ ಮಾಡಿದ್ದೂ ಉಂಟು. ಆದರೆ ಎಲ್ಲರದ್ದೂ ಆಗಿದ್ದ ನೀರು ನಾಳೆ ಯಾರದ್ದೋ ಆಗುತ್ತದೆ ಎಂಬ ದಿಗಿಲು ಹುಟ್ಟಿದಾಗ ಬಡವನೂ ಬದು ಕಟ್ಟುತ್ತಾನೆ. ಆಡಾದಲ್ಲಿ ಜನರದ್ದೇ ಒಂದು ರೇಡಿಯೋ ಇದೆ. ಡಾಂಗ್ಮೆ ಭಾಷೆಯಲ್ಲಿ ಮಾತಾಡುತ್ತದೆ. ಸಾಂಗೋರ್ ಬಗ್ಗೆ ಪ್ರಶ್ನೆ ಎತ್ತಿದ್ದಕ್ಕೆ 2022ರ ಜನವರಿಯಲ್ಲಿ ಪುಂಡರು ನುಗ್ಗಿ ಉಪಕರಣ ಒಡೆದರು. ಪತ್ರಿಕೆ ನಡೆಸುವ ನನಗೆ ಆ ಸುದ್ದಿ ಓದಿ ಹೊಟ್ಟೆ ಉರಿಯಿತು.

ಇದನ್ನು ಓದಿ ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆ ನೆನಪಾಗದೆ ಇರುತ್ತದೆಯೇ? ಅದೂ 2024ರ ಜನವರಿಯಲ್ಲಿ ಅದೇ ರಾಮ್ಸರ್ ಪಟ್ಟಿ ಸೇರಿದೆ, 4,801 ಹೆಕ್ಟೇರ್. ಅಲ್ಲೂ ಸಾಣಿಕಟ್ಟಾದ ಉಪ್ಪಿದೆ, ಉಪ್ಪುನೀರಿನ ಗಜನಿ ಗದ್ದೆಯ ಕಗ್ಗ ಭತ್ತ ಇದೆ, ಇಳಿತದ ಹೊತ್ತಿಗೆ ನೀರಿಗಿಳಿದು ಬೆಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರಿದ್ದಾರೆ. ಆ ಅಳಿವೆಯ ದಡದ ತದಡಿಗೆ ಒಮ್ಮೆ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆ ಎಂದರು, ಇನ್ನೊಮ್ಮೆ ಬಂದರು ಎಂದರು. ಆಗ ಎದ್ದು ನಿಂತವರು ಅಳಿವೆಯಿಂದ ಊಟ ಕಾಣುವ ಜನ. ಅವರನ್ನು ಮೊದಲೇ ಹೊರಗೆ ಕಳಿಸಿದ್ದರೆ ಬೇಡ ಎನ್ನಲು ಅಲ್ಲಿ ಯಾರಿರುತ್ತಿದ್ದರು? ಬೆಳಚು ಆರಿಸುವ ಒಬ್ಬ ಹೆಂಗಸು ನನಗೆ ಹೇಳಿದ್ದು: "ಸಣ್ಣದನ್ನ ಬಿಟ್ಟು ಬರ್ತೇವೆ, ನಾಳೆ ನಾವೇ ಬರಬೇಕಲ್ಲ."

ವೋಲ್ಟಾದ ಬೆಳಚಿನ ಪಾಡನ್ನೂ ಕೇಳಿ. ವೋಲ್ಟಾ ನದಿಯ ಕೆಳಭಾಗದಲ್ಲಿ ಹೆಂಗಸರು ಮುಳುಗಿ ಚಿಪ್ಪುಮೀನು ಆರಿಸಿ ಸಂಸಾರ ಸಾಕುತ್ತಿದ್ದರು. 1965ರಲ್ಲಿ ಅಕೊಸೊಂಬೊ ಅಣೆಕಟ್ಟು ಎದ್ದಿತು. ಹಿಂದೆ 8,500 ಚದರ ಕಿಲೋಮೀಟರಿನಷ್ಟು ನೀರು ನಿಂತಿತು. ವಿದ್ಯುತ್ತಿನ ದೊಡ್ಡ ಪಾಲು ಹೋದದ್ದು ನಿಮ್ಮ ತೇಮಾದ ಅಲ್ಯೂಮಿನಿಯಂ ಕಾರ್ಖಾನೆಗೆ. ಕೆಳಗಿನವರಿಗೆ ಪ್ರತಿ ವರ್ಷದ ನೆರೆ ನಿಂತಿತು. ಚಿಪ್ಪುಮೀನಿನ ಜಾಗ ಕಿರಿದಾಗಿ ಕಡಲ ಕಡೆಗೆ ಸರಿಯಿತು. ನಿಂತ ನೀರಿನಲ್ಲಿ ಬಸವನಹುಳು ಹೆಚ್ಚಿ ಬಿಲ್ಹಾರ್ಜಿಯಾ ರೋಗ ಹರಡಿತು. ಕಡಲಿಗೆ ಮರಳು ಬರುವುದೂ ಕಡಿಮೆಯಾಯಿತು. ಕೇಟಾ ಊರನ್ನು ಕಡಲು ಅಣೆಕಟ್ಟಿಗೂ ಮೊದಲಿನಿಂದ ತಿನ್ನುತ್ತಿತ್ತು ನಿಜ, ಆಮೇಲೆ ಅದು ಇನ್ನೂ ಜೋರಾಯಿತು. ಡೇನರು 1784ರಲ್ಲಿ ಕಟ್ಟಿದ ಪ್ರಿನ್ಸೆನ್‌ಸ್ಟೈನ್ ಕೋಟೆಯ ದೊಡ್ಡ ಭಾಗ ಕಡಲ ಪಾಲಾಗಿದೆ. 2023ರ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಕೆಳಗಿನ ಸಾವಿರಾರು ಜನ ಮನೆ ಬಿಟ್ಟು ಓಡಿದರು. ದೂರದ ಕಚೇರಿಯಲ್ಲಿ ಕೂತು ನದಿಯ ಹಣೆಬರಹ ಬರೆದವರ ಮನೆಗೆ ನೀರು ನುಗ್ಗಲಿಲ್ಲ.

ನನ್ನ ಸಿಟ್ಟು ಇಲ್ಲೇ ಇದೆ. ನೀರು ನಿಂತ ನೆಲ ಕಂಡರೆ ಓದಿದವರಿಗೆ ಅದು ಖಾಲಿ ಜಾಗ. ಮಣ್ಣು ತುಂಬಿಸು, ಸೈಟು ಮಾಡು. ಮಳೆ ಬಂದಾಗ ಆ ನೀರು ಎಲ್ಲಿ ಹೋಗಬೇಕು ಎಂದು ಯಾರೂ ಕೇಳುವುದಿಲ್ಲ. 2015ರ ಜೂನ್ 3ರ ರಾತ್ರಿ ಆಕ್ರಾದಲ್ಲಿ ಮಳೆ ಸುರಿಯಿತು. ಓಡಾ ಹಳ್ಳ, ಕೋರ್ಲೆ ಲಗೂನ್ ಕಸ ತುಂಬಿ ಕಟ್ಟಿಕೊಂಡಿದ್ದವು. ಮಳೆಯಿಂದ ತಪ್ಪಿಸಿಕೊಳ್ಳಲು ಜನ ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದರು. ಅಲ್ಲಿ ಬೆಂಕಿ ಹತ್ತಿ ಸ್ಫೋಟವಾಯಿತು. ಅವತ್ತಿನ ನೆರೆ, ಬೆಂಕಿಗೆ 150ಕ್ಕೂ ಹೆಚ್ಚು ಜನ ಸತ್ತರು. ಪ್ರತಿ ವರ್ಷ ಫೆಬ್ರವರಿ 2ರಂದು ಜೌಗು ದಿನ ಎಂದು ಎಸಿ ಹಾಲಿನಲ್ಲಿ ಭಾಷಣ ಮಾಡುವವರು ಇಂಥ ಹೆಸರಿಲ್ಲದ ಸಾವುಗಳನ್ನು ನೆನೆಯುವುದನ್ನು ನಾನು ಕೇಳಿಲ್ಲ. ಆ ಸಭೆಗಳಿಗೆ ಒಬ್ಬ ಬೆಳಚಿನ ಹೆಂಗಸನ್ನಾಗಲಿ, ಒಬ್ಬ ಬಲೆಗಾರನನ್ನಾಗಲಿ ಕರೆದು ಕೂರಿಸಿದ್ದನ್ನೂ ನೋಡಿಲ್ಲ.

ನಿಮ್ಮ ಮೇಲೆ ನನಗೆ ಬೇಸರವಿಲ್ಲ. ಸುಮ್ನೆ ನೋಡಿ ಮುಂದೆ ಹೋಗುವವರ ನಡುವೆ ನೀವು ಕಾಗದ ಬರೆದಿದ್ದೀರಿ. ಆದರೆ ಮೀನುಗಾರರ ಬಗ್ಗೆ ತೀರ್ಪು ಕೊಡುವ ಮುಂಚೆ ಅವರ ಹತ್ತಿರ ಮಾತಾಡಿದ್ದೀರಾ? ಪತ್ರದಲ್ಲಿ ಅವರದ್ದೊಂದು ಮಾತೂ ಇಲ್ಲ. ಹಳ್ಳಿ ಎಬ್ಬಿಸಿದಾಗ ಬಂದವರು ಈಗಲೂ ತೇಮಾ ಮಾನ್ಹಿಯಾನ್‌ನಲ್ಲಿದ್ದಾರೆ, ನಿಮ್ಮಿಂದ ದೂರವೇನಲ್ಲ. ಒಂದು ಮಂಗಳವಾರ ಹೋಗಿ, ಅವತ್ತು ದೋಣಿಗಳು ದಡದಲ್ಲೇ ಇರುತ್ತವೆ. ಸಕುಮೊ ಈ ವರ್ಷ ಯಾವಾಗ ತೆರೆಯಿತು, ಎಷ್ಟು ಮೀನು ಬಂತು, ಮನೆ ಕಟ್ಟುವವರಿಗೆ ಜಾಗ ಮಾರಿದ್ದಕ್ಕೆ ಅವರೇನನ್ನುತ್ತಾರೆ ಎಂದು ಕೇಳಿ. ಆಮೇಲೆ ಕಾರ್ಖಾನೆಯಲ್ಲಿ ನಿಮ್ಮ ಮೇಲಿನವರನ್ನು ಒಂದು ಮಾತು ಕೇಳಿ: ನಮ್ಮ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ? ಎರಡಕ್ಕೂ ಸಿಕ್ಕ ಉತ್ತರ ಬರೆದು ಕಳಿಸಿ. ಬೇಲಿಯೇ ಬೇಕು ಎಂದು ಆಗಲೂ ಅನ್ನಿಸಿದರೆ ಅದನ್ನೂ ಬರೆಯಿರಿ, ಒಂದು ಅಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.

- ಸಂಪಾದಕ