ಎಸ್‌ಡಿಪಿ ತನಕ 8, ಎಸ್‌ಡಿಕ್ಯುಗೆ 65: ಲಿನಕ್ಸ್‌ನಲ್ಲಿ ಡಿಸ್ಕ್ ನಂಬರ್ ಯಾಕೆ ಹೀಗೆ ಹಾರುತ್ತದೆ?

ಹಾಸನದ ನಿಮ್ಮ ಕಾಲೇಜು ಲ್ಯಾಬಿನ ಸರ್ವರ್‌ಗೆ 24 ಡಿಸ್ಕ್ ಹಾಕಿದ್ದೀರಿ. ಲಿನಕ್ಸ್ ಅವಕ್ಕೆ ಎಸ್‌ಡಿಎ, ಎಸ್‌ಡಿಬಿ ಅಂತ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಹೆಸರಿಡುತ್ತದೆ. 16ನೆಯದಾದ ಎಸ್‌ಡಿಪಿ ತನಕ ಮೇಜರ್ ನಂಬರ್ 8, 17ನೆಯದಾದ ಎಸ್‌ಡಿಕ್ಯುಗೆ ಏಕಾಏಕಿ 65. ಡಿಸ್ಕ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಏನೂ ಕೆಟ್ಟಿಲ್ಲ, ಇದು ಹಳೇ ಲೆಕ್ಕ.

ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಡಿಸ್ಕನ್ನು ಗುರುತಿಸುವುದು ಹೆಸರಿನಿಂದ ಅಲ್ಲ, ಎರಡು ನಂಬರ್‌ಗಳಿಂದ. ಮೇಜರ್ ಅಂದರೆ ಯಾವ ಡ್ರೈವರ್ (ಆ ಸಾಧನವನ್ನು ನಡೆಸುವ ಪ್ರೋಗ್ರಾಂ). ಮೈನರ್ ಅಂದರೆ ಅದರ ಕೈಕೆಳಗಿನ ಯಾವ ಡಿಸ್ಕ್, ಡಿಸ್ಕಿನ ಯಾವ ಭಾಗ (ಪಾರ್ಟಿಷನ್). ಮೊದಲು ಎರಡಕ್ಕೂ ತಲಾ 8 ಬಿಟ್ ಇತ್ತು. ಅಂದರೆ ಒಂದು ಮೇಜರ್‌ಗೆ 256 ಮೈನರ್. ಒಂದೊಂದು ಡಿಸ್ಕಿಗೆ 16 ಮೈನರ್ ಬೇಕು: ಇಡೀ ಡಿಸ್ಕಿಗೆ ಒಂದು, ಪಾರ್ಟಿಷನ್‌ಗಳಿಗೆ 15. ಹಾಗಾಗಿ 16ನೇ ಡಿಸ್ಕ್, ಅಂದರೆ ಎಸ್‌ಡಿಪಿ, ಮುಗಿಯುವಷ್ಟರಲ್ಲಿ ಮೇಜರ್ 8ರ ಕೋಟಾ ಖಾಲಿ. ಅದಕ್ಕೇ ಮೇಜರ್ 65ರಿಂದ 71, 128ರಿಂದ 135 ಕೂಡ ಈ ಡಿಸ್ಕ್ ಡ್ರೈವರ್‌ಗೇ ಕೊಟ್ಟರು. ಒಟ್ಟು 16 ಮೇಜರ್, 256 ಡಿಸ್ಕ್.

ಕರ್ನಲ್‌ನ 2.6 ಆವೃತ್ತಿಯಲ್ಲಿ ಮೇಜರ್ 12 ಬಿಟ್, ಮೈನರ್ 20 ಬಿಟ್ ಆಯಿತು. ಜಾಗ ಬೇಕಾದಷ್ಟು ಸಿಕ್ಕರೂ ಹಳೇ ನಂಬರ್ ಕದಲಿಸಲಿಲ್ಲ. 257ನೇ ಡಿಸ್ಕ್ ಮತ್ತೆ ಮೇಜರ್ 8ಕ್ಕೇ ಬರುತ್ತದೆ, ಮೈನರ್ 256 ಜೊತೆ. ನೋಡೋಕೆ ವಿಚಿತ್ರ, ಆದರೆ ಜಾಣ ತೇಪೆ ಅಲ್ವಾ?

ಹೆಸರಿಗೆ ಈ ತಾಪತ್ರಯ ಇಲ್ಲ. ಎಸ್‌ಡಿಜೆಡ್ ಆದ ಮೇಲೆ ಎಸ್‌ಡಿಎಎ, 702 ಡಿಸ್ಕ್ ದಾಟಿದರೆ ಎಸ್‌ಡಿಎಎಎ.

ಆದರೆ ಹೆಸರನ್ನೂ ಜಾಸ್ತಿ ನಂಬಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಗೊತ್ತಲ್ಲ. ಒಂದು ರೀಬೂಟ್ ಆದರೆ ಎಸ್‌ಡಿಕ್ಯು ಹೋಗಿ ಎಸ್‌ಡಿಆರ್ ಆಗಬಹುದು. ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹೆಸರಿನ ಬದಲು ಯುಯುಐಡಿ (ರೀಬೂಟ್ ಆದರೂ ಬದಲಾಗದ ಗುರುತಿನ ಸಂಖ್ಯೆ) ಬರೆಯಿರಿ.