ಬಳೆ ಬಿಡಿಸಲೋ, ಫಂಡಿಗೆ ಹಾಕಲೋ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟ. ಹಳೆ ಚಾಲಿ (ಒಣಗಿಸಿದ ಅಡಿಕೆ) ಮಾರಿ 4 ಲಕ್ಷ ಕೈಗೆ ಬಂದಿದೆ. ಹೆಂಡತಿಯ ಬಳೆ ಅಡವಿಟ್ಟು ತೆಗೆದ 2 ಲಕ್ಷ ಸಾಲ ಇದೆ, ಬಡ್ಡಿ ಶೇ. 12. ಕಿಸಾನ್ ಕಾರ್ಡಿನ ಬೆಳೆಸಾಲ ಒಂದೂವರೆ ಲಕ್ಷ, ಗಡುವಿನೊಳಗೆ ಕಟ್ಟಿದರೆ ಶೇ. 4 ಬೀಳುತ್ತದೆ. ಎರಡೂ ಸಾಲ ಇವತ್ತೇ ತೀರಿಸು ಅನ್ನುತ್ತಾರೆ ಅಪ್ಪ. ಬೆಂಗಳೂರಿನ ಭಾವ, ನಿಫ್ಟಿ ಅಂದರೆ 50 ದೊಡ್ಡ ಕಂಪೆನಿಗಳ ಶೇರು ಸೂಚ್ಯಂಕ, ಅದರ ಫಂಡಿಗೆ ಹಾಕು, ಬಡ್ಡಿಗಿಂತ ಜಾಸ್ತಿ ಬರುತ್ತದೆ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಬಳೆ ಬಿಡಿಸಿ. ವರ್ಷಕ್ಕೆ 24,000 ರೂಪಾಯಿ ಬಡ್ಡಿ ಉಳಿಯುತ್ತದೆ, ಅದಕ್ಕೆ ತೆರಿಗೆಯೂ ಇಲ್ಲ. ಇಷ್ಟು ಖಂಡಿತ ಕೊಡುತ್ತೇನೆ ಅಂತ ಯಾವ ಶೇರು ಫಂಡೂ ಹೇಳುವ ಹಾಗಿಲ್ಲ. 50 ಕಂಪೆನಿಗಳಲ್ಲಿ ಹಂಚಿದರೆ ಒಂದು ಕಂಪೆನಿ ಮುಳುಗಿದಾಗ ನೀವು ಮುಳುಗುವುದಿಲ್ಲ, ಅಷ್ಟೇ. ಇಡೀ ಮಾರುಕಟ್ಟೆ ಬಿದ್ದರೆ ಫಂಡೂ ಬೀಳುತ್ತದೆ. 2020ರ ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,600ರ ಹತ್ತಿರ ಇಳಿದಿತ್ತು. ಕಾದವರಿಗೆ ಅದೇ ನವೆಂಬರಿನಲ್ಲಿ ವಾಪಸ್ ಬಂತು ನಿಜ, ಆದರೆ ಬಳೆಯ ಗಡುವು ಏಪ್ರಿಲ್‌ನಲ್ಲೇ ಇದ್ದಿದ್ದರೆ ನಿಮಗೆ ಕಾಯಲು ಆಗುತ್ತಿತ್ತಾ?

ಬೆಳೆಸಾಲಕ್ಕೆ ಮಾತ್ರ ಅವಸರ ಬೇಡ (ಅಪ್ಪನಿಗೆ ಇದನ್ನು ನಿಧಾನವಾಗಿ ಹೇಳಿ!). ಶೇ. 4ಕ್ಕೆ ಸಾಲ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ಆ ಒಂದೂವರೆ ಲಕ್ಷವನ್ನು ಗಡುವಿಗಿಂತ ಸ್ವಲ್ಪ ಮೊದಲೇ ಮುಗಿಯುವ, ಶೇ. 4ಕ್ಕಿಂತ ಜಾಸ್ತಿ ಬಡ್ಡಿಯ ಎಫ್‌ಡಿಯಲ್ಲಿಡಿ, ಬಂದ ತಕ್ಷಣ ಸಾಲ ಕಟ್ಟಿ, ಬೇಕಾದರೆ ಮತ್ತೆ ತೆಗೆಯಿರಿ. ಒಂದು ದಿನ ತಡವಾದರೂ, ಗಡುವಿನೊಳಗೆ ಕಟ್ಟಿದವರಿಗೆ ಸಿಗುವ ಶೇ. 3ರ ಬಡ್ಡಿ ರಿಯಾಯಿತಿ ಕೈತಪ್ಪಬಹುದು. ಉಳಿದ 50,000 ಉಳಿತಾಯ ಖಾತೆಯಲ್ಲೇ ಇರಲಿ, ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಡಲಿಕ್ಕೆ, ಆಸ್ಪತ್ರೆಗೆ ಅಂತ ಬೇಕಾಗುತ್ತದೆ.

ಹಾಗಂತ ಭಾವನ ಮಾತು ಪೂರ್ತಿ ತೆಗೆದುಹಾಕಬೇಡಿ. ನಿಮ್ಮ ಸಂಪಾದನೆಯೆಲ್ಲ ಅಡಿಕೆಯೊಂದರ ಮೇಲೆ ನಿಂತಿದೆ. ಎಲೆಚುಕ್ಕಿ ರೋಗ ಬಂದರೂ, ರೇಟು ಇಳಿದರೂ ಪೆಟ್ಟು ಅಲ್ಲಿಗೇ. ತೋಟಕ್ಕೆ ಸಂಬಂಧವಿಲ್ಲದ ಕಡೆ ಸ್ವಲ್ಪ ದುಡ್ಡು ಇರಲೇಬೇಕು. ಬಳೆ ಬಿಡಿಸಿದ ಮೇಲೆ ತಿಂಗಳಿಗೆ 2,000 ಬಡ್ಡಿ ಉಳಿಯುತ್ತದಲ್ವಾ, ಅದನ್ನೇ ನಿಫ್ಟಿ ಫಂಡಿನ ಎಸ್‌ಐಪಿಗೆ (ತಿಂಗಳು ತಿಂಗಳು ಕಟ್ಟುವ ಕಂತು) ಹಾಕಿ. ಏಳೆಂಟು ವರ್ಷ ಮುಟ್ಟಬೇಡಿ. ಮತ್ತೆ ಬಳೆ ಅಡವಿಟ್ಟು ಶೇರು ಕೊಳ್ಳುವ ಯೋಚನೆ ಇದ್ದರೆ, ಭಾವ ಹೇಳಿದರೂ ಬೇಡ.